‘ಆ ಬ್ಯಾಂಕಿಗೆ ಕರುಣೆಯೇ ಇಲ್ಲ’: ಸಂಸ್ಥೆಗಳಿಗೆ ಮನುಷ್ಯರ ಸ್ವಭಾವ ಹಚ್ಚುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕು, ಡೇರಿ, ವಿದ್ಯುತ್ ಕಂಪನಿ, ತಾಲ್ಲೂಕು ಕಚೇರಿಗಳ ಮಾತು ಬಂದಾಗಲೆಲ್ಲ ‘ಸೊಕ್ಕು’, ‘ಜಿಪುಣತನ’, ‘ಒಳ್ಳೆಯ ಮನಸ್ಸು’ ಎಂಬ ಮಾತುಗಳೂ ಜೊತೆಗೇ ಬರುತ್ತವೆ. ಈ ಅಭ್ಯಾಸದ ಕುರಿತು ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪ್ರಶ್ನೆಗಳು

ಕಂಪನಿಗೆ ಸೊಕ್ಕು, ಬ್ಯಾಂಕಿಗೆ ಕರುಣೆ ಇಲ್ಲ ಅನ್ನೋದೆಲ್ಲ ಬರೀ ಮಾತಿನ ಅಲಂಕಾರ ಅಲ್ವಾ?

ಅಲಂಕಾರವೂ ಹೌದು, ಆದರೆ ಅದು ಅಲಂಕಾರವಾಗಿಯೇ ಉಳಿಯುವುದಿಲ್ಲ. ‘ಗಾಳಿ ಪಿಸುಗುಟ್ಟಿತು’ ಎಂದವರು ಗಾಳಿಯ ಮೇಲೆ ಮುನಿಸಿಕೊಂಡು ಠೇವಣಿ ವಾಪಸು ತೆಗೆಯುವುದಿಲ್ಲ. ‘ಆ ಬ್ಯಾಂಕು ನಂಬಿಕಸ್ಥ’ ಎಂದವರು ಮಾತ್ರ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಅದೇ ನಂಬಿಕೆಯ ಮೇಲೆ ಅಲ್ಲಿಡುತ್ತಾರೆ, ನಾಳೆ ಏನಾದರೂ ಎಡವಟ್ಟಾದರೆ ‘ಮೋಸ ಮಾಡಿತು’ ಎಂದು ಮನುಷ್ಯನಿಂದ ಮೋಸಹೋದವರಂತೆಯೇ ನೊಂದುಕೊಳ್ಳುತ್ತಾರೆ. ನಮ್ಮ ಪತ್ರಿಕೆಗಳ ದಿನಬಳಕೆಯ ಪದಗಳನ್ನೇ ನೋಡಬಹುದು. ದೊಡ್ಡ ಕಂಪನಿ ‘ಮಾತೃಸಂಸ್ಥೆ’, ಅದರ ಕೈಕೆಳಗಿನದು ‘ಅಂಗಸಂಸ್ಥೆ’, ಅನುದಾನ ಕಡಿಮೆಯಾದರೆ ‘ಮಲತಾಯಿ ಧೋರಣೆ’. 1985ರ ಕಾಯಿದೆಯೊಂದು ನಷ್ಟದಲ್ಲಿ ಮುಳುಗಿದ ಉದ್ದಿಮೆಗಳನ್ನು ಅಧಿಕೃತವಾಗಿಯೇ ‘ರೋಗಗ್ರಸ್ತ’ ಎಂದು ಕರೆದಿತ್ತು. ಶಾಸನದ ಒಣ ಭಾಷೆಗೂ ದೇಹದ ರೂಪಕ ಬಿಟ್ಟು ಬೇರೆ ದಾರಿ ತೋಚಲಿಲ್ಲವೆಂದರೆ ಇದು ಕವಿಗಳ ಚಾಳಿ ಮಾತ್ರವಲ್ಲ.

ಇಟ್ಟಿಗೆ ಕಟ್ಟಡ, ಒಂದಷ್ಟು ಕಾಗದ. ಅದರಲ್ಲಿ ಮನುಷ್ಯನನ್ನು ಕಾಣೋ ಬುದ್ಧಿ ನಮಗೆ ಯಾಕೆ ಬಂತು?

ಚಲನೆ ಕಂಡಲ್ಲಿ ಉದ್ದೇಶವನ್ನು ಹುಡುಕುವುದು ಮನಸ್ಸಿನ ರೂಢಿ, ಅದಕ್ಕೆ ಹೆಚ್ಚಿನ ಸಾಮಗ್ರಿಯೂ ಬೇಡ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು, ಇಷ್ಟೇ. ಕಂಡದ್ದನ್ನು ಬರೆಯಿರಿ ಎಂದಾಗ ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ ಅದನ್ನು ಆಕೃತಿಗಳ ಓಡಾಟವೆಂದು ಬರೆದರು. ಉಳಿದವರು ಬರೆದದ್ದು ಕಥೆಯನ್ನು: ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಪುಕ್ಕಲು. ಮೂರು ಗೆರೆಗಳ ಆಕೃತಿಗೆ ಇಷ್ಟು ಗುಣ ಹಚ್ಚುವ ನಾವು, ಪತ್ರ ಬರೆಯುವ, ಸಾಲ ನಿರಾಕರಿಸುವ, ಹಬ್ಬಕ್ಕೆ ಶುಭಾಶಯ ಕೋರುವ ಸಂಸ್ಥೆಯನ್ನು ಬಿಟ್ಟೇವೆಯೇ?

2007ರಲ್ಲಿ ನಿಕೊಲಸ್ ಎಪ್ಲಿ, ಆಡಮ್ ವೇಟ್ಜ್, ಜಾನ್ ಕಾಸಿಯೊಪ್ಪೊ ಈ ಪ್ರವೃತ್ತಿಗೆ ಮೂರು ಕಾರಣಗಳನ್ನು ಮುಂದಿಟ್ಟರು. ಮನುಷ್ಯರ ಬಗೆಗಿನ ತಿಳಿವಳಿಕೆಯೇ ನಮ್ಮ ಕೈಗೆ ಮೊದಲು ಸಿಗುವಂಥದ್ದು ಎನ್ನುವುದು ಒಂದು. ಎದುರಿಗಿರುವುದರ ಮುಂದಿನ ನಡೆಯನ್ನು ಊಹಿಸಬೇಕೆಂಬ ಗರಜು ಇನ್ನೊಂದು. ಒಡನಾಟದ ಹಸಿವು ಮತ್ತೊಂದು. ಸಂಸ್ಥೆಗಳ ವಿಷಯದಲ್ಲಿ ಎರಡನೆಯದೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಹೊತ್ತಿಗೆ ಸರಿಯಾಗಿ ನೀರು ಬರುವ ನಲ್ಲಿಯ ಹಿಂದಿನ ಇಲಾಖೆಗೆ ಯಾರೂ ಸ್ವಭಾವ ಹಚ್ಚುವುದಿಲ್ಲ, ಅದೊಂದು ಇದೆಯೆಂಬುದೇ ಮರೆತುಹೋಗಿರುತ್ತದೆ. ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಗೆ ನೀರು ಬಿಡುವ ಇಲಾಖೆಗೆ ಮಾತ್ರ ಬುದ್ಧಿ, ಹಟ, ಹೊಟ್ಟೆಕಿಚ್ಚು ಎಲ್ಲವೂ ಇರುತ್ತವೆ.

ಕನ್ನಡದಲ್ಲಿ ಸಂಸ್ಥೆ ನಪುಂಸಕಲಿಂಗ. ‘ಅದು’ ಅಂತ ಕರೆದ ಮೇಲೂ ಅದನ್ನ ಮನುಷ್ಯನ ಥರ ನೋಡೋದು ಹೇಗೆ ಸಾಧ್ಯ?

ವ್ಯಾಕರಣ ಒಂದು ಬಾಗಿಲು ಮುಚ್ಚಿದರೆ ಆಡುಮಾತು ಪಕ್ಕದ ಬಾಗಿಲನ್ನು ತೆರೆದುಕೊಂಡಿದೆ. ‘ಬ್ಯಾಂಕು ಸಾಲ ಕೊಡಲಿಲ್ಲ’ ಎನ್ನುವುದು ಪತ್ರಿಕೆಯ ಕನ್ನಡ. ಮನೆಯಲ್ಲಿ ನಾವು ಹೇಳುವುದು ‘ಬ್ಯಾಂಕಿನವರು ಸಾಲ ಕೊಡಲಿಲ್ಲ’ ಎಂದೇ. ಈ ‘-ಅವರು’ ಬಹಳ ಜಾಣ ಪ್ರತ್ಯಯ. ಅದು ಸಂಸ್ಥೆಯನ್ನು ಒಬ್ಬ ವ್ಯಕ್ತಿಯಾಗಿಸುವುದೂ ಇಲ್ಲ, ಜಡವಸ್ತುವಾಗಿ ಬಿಡುವುದೂ ಇಲ್ಲ; ಮುಖವಿಲ್ಲದ ಒಂದು ಗುಂಪನ್ನು ಕಟ್ಟಿ ಅದರ ಕೈಗೆ ಕ್ರಿಯಾಪದವನ್ನು ಕೊಡುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲೇ ನಿಗಮವಾಗಿ ಬದಲಾಯಿತು, 2002ರಲ್ಲಿ ವಿತರಣೆಯ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಯಿತು. ಆದರೂ ದೀಪ ಆರಿದ ಕ್ಷಣ ಹಳ್ಳಿಯಲ್ಲಿ ಕೇಳಿಬರುವುದು ‘ಕೆಇಬಿಯವರು ತೆಗೆದ್ರು’ ಎಂಬ ಮಾತೇ. ಮಂಡಳಿ ಇಲ್ಲವಾಗಿ ಇಷ್ಟು ವರ್ಷವಾದರೂ ಅದರ ‘ಅವರು’ ಇನ್ನೂ ಕಂಬ ಹತ್ತುತ್ತಿದ್ದಾರೆ.

ಇದರಲ್ಲಿ ಒಂದು ಅನುಕೂಲವೂ ಒಂದು ತೊಂದರೆಯೂ ಇದೆ. ತೀರ್ಮಾನ ಮಾಡಿದ್ದು ಮನುಷ್ಯರು ಎಂಬ ಸತ್ಯವನ್ನು ‘-ಅವರು’ ಮರೆಸುವುದಿಲ್ಲ, ಇದು ಅನುಕೂಲ. ಆದರೆ ಯಾವ ಮನುಷ್ಯರು ಎಂಬ ಪ್ರಶ್ನೆಯನ್ನು ಅದು ಕೇಳಲು ಬಿಡುವುದಿಲ್ಲ. ಕಂಬ ಹತ್ತಿದ ಲೈನ್‌ಮನ್ನೂ ವೇಳಾಪಟ್ಟಿ ಬರೆದ ಎಂಜಿನಿಯರೂ ದರ ನಿಗದಿ ಮಾಡಿದ ಆಯೋಗವೂ ಒಂದೇ ‘ಅವರು’ ಆಗಿಬಿಡುತ್ತಾರೆ.

ಕೌಂಟರಿನಲ್ಲಿ ಒಬ್ಬ ಒರಟಾಗಿ ಮಾತಾಡಿದ ಅಂತ ಇಡೀ ಸಂಸ್ಥೆಯೇ ಒರಟು ಅನ್ನೋದು ಅನ್ಯಾಯ ಅಲ್ವಾ?

ತರ್ಕದ ಪ್ರಕಾರ ಅನ್ಯಾಯ, ಅನುಭವದ ಪ್ರಕಾರ ಅನಿವಾರ್ಯ. ಸಂಸ್ಥೆಯನ್ನು ಇಡಿಯಾಗಿ ಯಾರೂ ಕಂಡಿರುವುದಿಲ್ಲ; ಕಾಣುವುದು ಒಂದು ಕಿಟಕಿ, ಒಂದು ನಮೂನೆ, ಒಂದು ದನಿ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ಇದನ್ನು ಚೆನ್ನಾಗಿ ಅರಿತಿತ್ತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸುವ ವ್ಯವಸ್ಥೆ ಮಾಡಿತು. ಮೀನು ಮಾರುವವರಿಗೆ, ಗೂಡಂಗಡಿಯವರಿಗೆ ಬ್ಯಾಂಕೆಂದರೆ ಕಟ್ಟಡವಲ್ಲ, ಚೀಲ ಹಿಡಿದು ಬರುವ ಪಿಗ್ಮಿ ಏಜೆಂಟ್. ಆತನ ಸ್ವಭಾವವೇ ಬ್ಯಾಂಕಿನ ಸ್ವಭಾವ.

ಇದರ ಇನ್ನೊಂದು ಮಗ್ಗುಲನ್ನು ನಾನೇ ಕಂಡಿದ್ದೇನೆ. ತಂದೆಯವರು ತೀರಿಕೊಂಡ ಮೇಲೆ ಅವರ ಖಾತೆಯನ್ನು ಮುಚ್ಚಿಸಲು ಒಂದು ಬ್ಯಾಂಕಿಗೆ ಮೂರನೆಯ ಸಲ ಹೋಗಿದ್ದೆ. ಮರಣ ಪತ್ರವನ್ನು ಅವರು ಮೊದಲ ಸಲವೇ ತೆಗೆದುಕೊಂಡಿದ್ದರು. ಸಾಲಿನಲ್ಲಿ ನಿಂತಿದ್ದಾಗ, ನನ್ನ ಜೇಬಿನಲ್ಲಿದ್ದ ತಂದೆಯ ಫೋನಿಗೆ ಅದೇ ಬ್ಯಾಂಕಿನಿಂದ ಸಂದೇಶ ಬಂತು: ಜನ್ಮದಿನದ ಹಾರ್ದಿಕ ಶುಭಾಶಯಗಳು. ಅದನ್ನು ಗುಮಾಸ್ತರಿಗೆ ತೋರಿಸಿದೆ. ಅವರು ಓದಿ, ಏನೂ ಹೇಳದೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ನನ್ನ ಕೈಯಲ್ಲಿದ್ದ ಕಾಗದಗಳನ್ನು ತೆಗೆದುಕೊಂಡು ತಾವೇ ಎದುರಿನ ಅಂಗಡಿಗೆ ಹೋಗಿ ಜೆರಾಕ್ಸ್ ಮಾಡಿಸಿ ತಂದರು. ಆ ದಿನ ಮನೆಗೆ ಬಂದು ನಾನು ಹೇಳಿದ್ದು ‘ಆ ಬ್ಯಾಂಕಿಗೆ ಹೃದಯವೇ ಇಲ್ಲ’ ಎಂದೇ. ಅಷ್ಟೊತ್ತು ನನ್ನೆದುರು ಕುಳಿತಿದ್ದವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೆಟ್ಟದ್ದನ್ನು ಸಂಸ್ಥೆಯ ಲೆಕ್ಕಕ್ಕೂ ಒಳ್ಳೆಯದನ್ನು ವ್ಯಕ್ತಿಯ ಲೆಕ್ಕಕ್ಕೂ ಬರೆಯುವುದು ಬಹುಜನರ ಖಾತೆಪುಸ್ತಕದಲ್ಲಿ ಕಾಣುವ ಪದ್ಧತಿಯೇ.

ಸರ್ಕಾರಕ್ಕೂ ಖಾಸಗಿ ಕಂಪನಿಗೂ ನಾವು ಹಚ್ಚೋ ಗುಣಗಳಲ್ಲಿ ವ್ಯತ್ಯಾಸ ಇದೆಯಾ?

ನನಗೆ ಕಂಡಂತೆ ಇದೆ. ಕಂಪನಿಗೆ ನಾವು ಗುಣವನ್ನು ಕೊಡುತ್ತೇವೆ, ಸರ್ಕಾರಕ್ಕೆ ಸಂಬಂಧವನ್ನು ಕೊಡುತ್ತೇವೆ. ಕಂಪನಿ ಚುರುಕು, ಜಿಪುಣ, ಶೋಕಿಯದು. ಸರ್ಕಾರವಾದರೆ ತಂದೆ-ತಾಯಿ, ಇಲ್ಲವೇ ಮಲತಾಯಿ. ‘ತಾವೇ ತಂದೆ-ತಾಯಿ’ ಎಂದು ಅರ್ಜಿ ಬರೆಯುವ ರೂಢಿ ಇಂದಿಗೂ ಪೂರ್ತಿ ಅಳಿದಿಲ್ಲ. ಮಲತಾಯಿ ಎಂಬ ಬೈಗುಳಕ್ಕೆ ಅರ್ಥ ಬರುವುದೇ ತಾಯಿತನವನ್ನು ಮೊದಲು ನಿರೀಕ್ಷಿಸಿದ್ದರಿಂದ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದಾಗ ಸರ್ಕಾರವು ಮನುಷ್ಯ ಸಂಬಂಧಕ್ಕಿಂತಲೂ ಒಂದು ಮೆಟ್ಟಿಲು ಮೇಲೇರಿತು. ಕಡತಕ್ಕಾಗಿ ಅಲೆದವರು ಆ ಸಾಲನ್ನು ‘ಹಾಗಾದರೆ ದೇವರೇ ಮಾಡಿಕೊಳ್ಳಲಿ’ ಎಂದು ಮುಗಿಸುವುದುಂಟು.

## ಅಳತೆ ಮತ್ತು ತಯಾರಿಕೆ

ಮನುಷ್ಯರ ಸ್ವಭಾವ ಅಳೆಯೋ ಹಾಗೆ ಸಂಸ್ಥೆಯ ಸ್ವಭಾವವನ್ನೂ ಅಳೀಬಹುದಾ?

ಪ್ರಯತ್ನಗಳು ಹಲವು ನಡೆದಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಜೆನಿಫರ್ ಆಕರ್ ಎಂಬ ಸಂಶೋಧಕಿ 1997ರಲ್ಲಿ ಅಮೆರಿಕದಲ್ಲಿ ರೂಪಿಸಿದ ಅಳತೆಗೋಲು. ಜನರಿಗೆ ಬ್ರ್ಯಾಂಡ್‌ಗಳ ಹೆಸರು ಕೊಟ್ಟು, ಇದು ಒಬ್ಬ ಮನುಷ್ಯನಾಗಿದ್ದರೆ ಈ ಗುಣ ಇದಕ್ಕೆ ಎಷ್ಟು ಹೊಂದುತ್ತದೆ ಎಂದು ಅಂಕ ಹಾಕಿಸಿದ ಆಕೆ, ಕೊನೆಗೆ 42 ಗುಣಗಳನ್ನು ಉಳಿಸಿಕೊಂಡು ಅವನ್ನು ಐದು ಕಂತೆ ಕಟ್ಟಿದರು: ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಗಡಸುತನ. ಆಕೆಯೇ ಬೇರೆಯವರೊಡನೆ ಸೇರಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಾನಿನಲ್ಲಿ ಗಡಸುತನದ ಕಂತೆ ಕಾಣಲಿಲ್ಲ. ಅದರ ಜಾಗದಲ್ಲಿ ಶಾಂತತೆ ಇತ್ತು. ಬ್ರ್ಯಾಂಡಿನ ಸ್ವಭಾವ ಬ್ರ್ಯಾಂಡಿನಲ್ಲೇ ಇದ್ದಿದ್ದರೆ ಕಡಲು ದಾಟಿದ ಕೂಡಲೇ ಕಂತೆ ಬದಲಾಗಬೇಕಾಗಿರಲಿಲ್ಲ.

ಬ್ರ್ಯಾಂಡ್ ಬೇರೆ, ಉದ್ಯೋಗ ಕೊಡುವ ಸಂಸ್ಥೆ ಬೇರೆ ಎಂದು ವಾದಿಸಿದವರೂ ಇದ್ದಾರೆ. 2004ರಲ್ಲಿ ಜೆರೆಲ್ ಸ್ಲಾಟರ್ ಮತ್ತು ಸಂಗಡಿಗರು ಸಂಸ್ಥೆಗಳಿಗೇ ಪ್ರತ್ಯೇಕ ಪಟ್ಟಿ ಮಾಡಿದಾಗ ಸಿಕ್ಕ ಐದು ಗುಣಗಳೆಂದರೆ ಸ್ಕೌಟ್ ಹುಡುಗನಂಥ ಸಜ್ಜನಿಕೆ, ಹೊಸತನ, ಮೇಲುಗೈ ಸಾಧಿಸುವ ಬಯಕೆ, ಮಿತವ್ಯಯ, ಶೈಲಿ. ಕೊನೆಯ ಎರಡನ್ನು ನಮ್ಮ ಮಾತಿನಲ್ಲಿ ಜಿಪುಣತನ, ಶೋಕಿ ಎನ್ನಬಹುದು. ಗ್ಯಾರಿ ಡೇವಿಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಮಾಡಿದ ಪಟ್ಟಿಯಲ್ಲಿ ‘ನಿರ್ದಯತೆ’ಯೂ ಒಂದು ಕಂತೆ. ಇದು ಮುಖ್ಯ, ಏಕೆಂದರೆ ಆಕರ್ ಪಟ್ಟಿಯಲ್ಲಿ ಬೈಗುಳಕ್ಕೆ ಜಾಗವೇ ಇರಲಿಲ್ಲ. ಸಂಸ್ಥೆಗಳ ಬಗ್ಗೆ ಜನ ಆಡುವ ಮಾತಿನಲ್ಲಿ ಅರ್ಧ ಬೈಗುಳವೇ ಆಗಿರುವಾಗ ಅದನ್ನು ಬಿಟ್ಟ ಅಳತೆ ಅರ್ಧ ಅಳತೆ.

ಇನ್ನೂ ಒಂದು ತಕರಾರಿದೆ. ಆಕರ್ ಗುಣಗಳಲ್ಲಿ ‘ಮೇಲ್ವರ್ಗ’, ‘ಗಂಡಸುತನ’, ‘ಸಣ್ಣ ಊರಿನದು’, ‘ಪಶ್ಚಿಮದ್ದು’ ಎಂಬವೂ ಸೇರಿವೆ. ಇವು ವ್ಯಕ್ತಿತ್ವದ ಗುಣಗಳೇ, ಅಥವಾ ಅಂತಸ್ತು, ಲಿಂಗ, ಊರುಗಳೇ ಎಂದು ಆಡ್ರೆ ಅಜೂಲೆ ಮತ್ತು ಜಾನ್-ನೊಯೆಲ್ ಕಾಫೆರೆರ್ 2003ರಲ್ಲಿ ಪ್ರಶ್ನಿಸಿದ್ದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಈ ಪ್ರಶ್ನಾವಳಿಯನ್ನು ಅನುವಾದಿಸಿ ಹಂಚುವವರು ಇಲ್ಲಿ ಎಚ್ಚರ ವಹಿಸಬೇಕು. ಅಲ್ಲಿನ ‘ಪಶ್ಚಿಮ’ ಕುದುರೆ, ಬಯಲು, ದನಗಾಹಿಗಳ ಅಮೆರಿಕದ ಪಶ್ಚಿಮ. ‘ಪಾಶ್ಚಾತ್ಯ’ ಎಂದು ಓದಿದ ಮೈಸೂರಿನವರ ಕಣ್ಣೆದುರು ಬರುವುದು ಟೈ ಕಟ್ಟಿದ ದೊರೆ.

ಸಂಘ-ಸಂಸ್ಥೆ ಅಂದ್ರೆ ಒಳ್ಳೆಯವರು ಆದರೆ ಕೈಲಾಗದವರು, ಕಂಪನಿ ಅಂದ್ರೆ ಚಾಲಾಕು ಆದರೆ ಕಟುಕರು. ಈ ಭಾವನೆ ಎಲ್ಲಿಂದ ಬಂತು?

ಜನರನ್ನು ತೂಗುವಾಗ ನಾವು ಮೊದಲು ಬಳಸುವ ಎರಡು ತಕ್ಕಡಿಗಳೆಂದರೆ ಆಪ್ತತೆ ಮತ್ತು ಸಾಮರ್ಥ್ಯ: ಇವನು ನನ್ನ ಒಳ್ಳೆಯದನ್ನು ಬಯಸುವವನೇ, ಬಯಸಿದ್ದನ್ನು ಮಾಡಬಲ್ಲವನೇ? ಸಂಸ್ಥೆಗಳನ್ನೂ ಇವೇ ತಕ್ಕಡಿಗಳಲ್ಲಿ ಇಡುತ್ತೇವೆ. ಆಕರ್, ಕ್ಯಾಥ್ಲೀನ್ ವೋಸ್, ಕ್ಯಾಸಿ ಮೊಗಿಲ್ನರ್ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂದು ಹೇಳಿದರೆ ಜನ ಅದನ್ನು ಆಪ್ತವೆಂದೂ ಕಂಪನಿ ಎಂದರೆ ಹೆಚ್ಚು ಸಮರ್ಥವೆಂದೂ ಎಣಿಸಿದರು. ಇಂಟರ್‌ನೆಟ್ ವಿಳಾಸದ ಕೊನೆಯ ತುಣುಕು ‘ಡಾಟ್ ಆರ್ಗ್’ ಅಥವಾ ‘ಡಾಟ್ ಕಾಮ್’ ಎಂಬಷ್ಟೇ ವ್ಯತ್ಯಾಸವೂ ಇದಕ್ಕೆ ಸಾಕಾಯಿತು. ಈ ಭಾವನೆ ಸಂಸ್ಥೆಯ ನಡತೆಯಿಂದ ಹುಟ್ಟಿದ್ದಲ್ಲ, ಅದರ ಪಂಗಡದಿಂದ ಬಂದದ್ದು.

ಈ ಸ್ವಭಾವವನ್ನೆಲ್ಲ ಜಾಹೀರಾತಿನವರೇ ಹುಟ್ಟಿಸೋದಲ್ವಾ?

ಅವರು ಹೆಸರು ಮತ್ತು ಮುಖವನ್ನು ಕೊಡುತ್ತಾರೆ. 1946ರಲ್ಲಿ ಏರ್ ಇಂಡಿಯಾಕ್ಕೆ ಬಂದ ಮೀಸೆಯ ಮಹಾರಾಜ, 1966ರಿಂದ ಅಮುಲ್ ಬೆಣ್ಣೆಯ ಮೇಲೆ ಕೂತ ಚುಕ್ಕಿ ಲಂಗದ ತುಂಟ ಹುಡುಗಿ, ಇವೆಲ್ಲ ಸಿದ್ಧ ಮುಖಗಳು. ಆದರೆ ಸಿದ್ಧ ಮುಖ ಎಲ್ಲ ಸಲವೂ ಅಂಟುವುದಿಲ್ಲ. ಮಹಾರಾಜ ಬಾಗಿ ನಮಸ್ಕರಿಸುತ್ತಲೇ ಇದ್ದ, ವಿಮಾನ ತಡವಾಗಿ ಹೊರಟ ದಿನ ಪ್ರಯಾಣಿಕರಿಗೆ ಅದೇ ನಮಸ್ಕಾರ ಅಣಕದಂತೆ ಕಂಡಿತು. ಹೆಸರಿನ ಬಲ ಇದಕ್ಕಿಂತ ಹೆಚ್ಚು. ‘ಕರ್ನಾಟಕ ಸಹಕಾರಿ ಹಾಲು ಉತ್ಪಾದಕರ ಮಹಾಮಂಡಳ’ವನ್ನು ಪ್ರೀತಿಸುವವರು ಯಾರೂ ಇಲ್ಲ, ಅದರ ಸರಕಿನ ಹೆಸರಾದ ‘ನಂದಿನಿ’ಯನ್ನು ಪ್ರೀತಿಸುವವರು ರಾಜ್ಯದ ತುಂಬ ಇದ್ದಾರೆ. ಪುರಾಣದಲ್ಲಿ ಕಾಮಧೇನುವಿನ ಮಗಳಾದ ಆ ಹೆಸರು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರೂ ಆಗಿರುವುದರಿಂದ, ವ್ಯಾಕರಣದ ‘ಅದು’ ಇಲ್ಲಿ ತಾನಾಗಿಯೇ ‘ಅವಳು’ ಆಗುತ್ತದೆ.

2023ರಲ್ಲಿ ನಂದಿನಿ-ಅಮುಲ್ ಜಗಳ ಆಯ್ತಲ್ಲ, ಎರಡೂ ರೈತರ ಸಹಕಾರಿಗಳೇ. ಹಾಗಾದರೆ ಒಂದು ಮನೆಮಗಳು, ಇನ್ನೊಂದು ದಾಳಿಕೋರ ಆಗಿದ್ದು ಹೇಗೆ?

ಈ ಪ್ರಶ್ನೆಯನ್ನು ಕೇಳಿದವರೇ ಹೆಚ್ಚು, ಇಲ್ಲಿನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯೂ ನನಗೆ ಗೊತ್ತಿಲ್ಲ. ಎರಡರ ಒಡಲೂ ಒಂದೇ ಅಚ್ಚಿನದು. ಹಳ್ಳಿಯ ಹಾಲಿನ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಹಂತದ ಈ ಏರ್ಪಾಡಿಗೆ ಗುಜರಾತಿನ ಆನಂದ್ ಪಟ್ಟಣದ ಹೆಸರೇ ಇದೆ. ಅಮುಲ್‌ನ ಮೂಲವಾದ ಅಲ್ಲಿನ ಖೇಡಾ ಒಕ್ಕೂಟ ಹುಟ್ಟಿದ್ದು 1946ರಲ್ಲಿ. ಕರ್ನಾಟಕದಲ್ಲಿ ಡೇರಿ ಅಭಿವೃದ್ಧಿ ನಿಗಮ 1974ರಲ್ಲಿ ಅದೇ ಮಾದರಿಯಲ್ಲಿ ಕೆಲಸ ಆರಂಭಿಸಿ, 1984ರಲ್ಲಿ ನಂದಿನಿಯ ಮಹಾಮಂಡಳ, ಅಂದರೆ ಕೆಎಂಎಫ್, ಆಯಿತು. ವಂಶಾವಳಿ ಬರೆದರೆ ಇವರಿಬ್ಬರೂ ಅಣ್ಣ-ತಂಗಿ.

ಸ್ವಭಾವ ಬದಲಾದದ್ದು ಘಟನೆಗಳ ಸಾಲಿನಿಂದ. 2022ರ ಡಿಸೆಂಬರ್ 30ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಮೆಗಾ ಡೇರಿಯನ್ನು ಉದ್ಘಾಟಿಸಿದ ಕೇಂದ್ರ ಸಚಿವ ಅಮಿತ್ ಶಾ, ಅಮುಲ್ ಮತ್ತು ಕೆಎಂಎಫ್ ಒಟ್ಟಾಗಿ ಕೆಲಸ ಮಾಡಬೇಕೆಂದರು. ಇದನ್ನು ವಿಲೀನದ ಮುನ್ಸೂಚನೆಯೆಂದು ಹಲವರು ಓದಿದರು. ಮುಂದಿನ ಮಾರ್ಚ್‌ನಲ್ಲಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಸೂಚನೆ ಬಂದು, ಪ್ರತಿಭಟನೆಯ ನಂತರ ಸಡಿಲವಾಯಿತು. ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನಲ್ಲಿ ಹಾಲು-ಮೊಸರು ಮಾರುವುದಾಗಿ ಅಮುಲ್ ಪ್ರಕಟಿಸಿತು, ಮೇ 10ಕ್ಕೆ ವಿಧಾನಸಭಾ ಚುನಾವಣೆಯಿತ್ತು. ಈ ನಾಲ್ಕರಲ್ಲಿ ಅಮುಲ್ ತಾನಾಗಿ ಮಾಡಿದ್ದು ಒಂದೇ ಕೆಲಸ. ಉಳಿದವು ಸಚಿವರೊಬ್ಬರ ಭಾಷಣ, ಪ್ರಾಧಿಕಾರವೊಂದರ ಸೂಚನೆ, ಆಯೋಗದ ವೇಳಾಪಟ್ಟಿ. ಆದರೆ ತ್ರಿಕೋನದ ಹಿಂದೆ ವೃತ್ತ ಓಡಿದರೆ ಅಟ್ಟಿಸಿಕೊಂಡು ಹೋಯಿತು ಎನ್ನುವ ಮನಸ್ಸು ಈ ನಾಲ್ಕನ್ನೂ ಒಬ್ಬನೇ ಪಾತ್ರಧಾರಿಯ ನಾಲ್ಕು ಹೆಜ್ಜೆಗಳಾಗಿ ಜೋಡಿಸಿತು.

ಅಂದರೆ ಜನರ ಆತಂಕವೇ ಸುಳ್ಳು ಎಂದಲ್ಲ. ತನ್ನ ಊರಿನ ಸಂಘಕ್ಕೆ ದಿನಕ್ಕೆ ಆರು ಲೀಟರ್ ಹಾಲು ಹಾಕುವ ಹೆಂಗಸಿಗೆ, ಮಹಾನಗರದ ಮಾರುಕಟ್ಟೆ ಕೈತಪ್ಪಿದರೆ ಖರೀದಿ ದರ ಏನಾಗುತ್ತದೆ ಎಂಬುದು ನ್ಯಾಯವಾದ ಪ್ರಶ್ನೆಯೇ. ನನ್ನ ತಕರಾರು ಇಷ್ಟು: ‘ಮನೆಮಗಳ ಮೇಲೆ ದಾಳಿ’ ಎಂಬ ಮಾತು ಆ ಪ್ರಶ್ನೆಯನ್ನು ಕೇಳಿಸದಷ್ಟು ಜೋರಾಗಿತ್ತು. ಮನೆಮಗಳ ಲೆಕ್ಕಪತ್ರವನ್ನು ಯಾರೂ ಕೇಳುವುದಿಲ್ಲ. ಸಹಕಾರಿ ಸಂಸ್ಥೆಯ ಲೆಕ್ಕಪತ್ರವನ್ನು ಸದಸ್ಯರು ಕೇಳಲೇಬೇಕು.

## ತೊಡಕಿನ ಪ್ರಶ್ನೆಗಳು

ವಿಜಯ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಹೋದಾಗ ಮನೆಯವರೇ ಹೋದ ಹಾಗೆ ಅನ್ನಿಸ್ತು. ಒಂದು ರೂಪಾಯಿ ಕಳೆದುಕೊಳ್ಳದಿದ್ದರೂ ದುಃಖ ಯಾಕೆ?

ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. 2017ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಗಿತ್ತು. ಠೇವಣಿ, ಸಾಲ, ನೌಕರಿ ಎಲ್ಲವೂ ಕಾಗದದ ಮೇಲೆ ಹಾಗೆಯೇ ಮುಂದುವರಿದವು. ಆದರೂ ಬ್ಯಾಂಕುಗಳ ತೊಟ್ಟಿಲು ಎನಿಸಿಕೊಂಡ ಕರಾವಳಿಯಲ್ಲಿ, ಅದರಲ್ಲೂ 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟಿಯವರ ಮುಂದಾಳತ್ವದಲ್ಲಿ ಕೃಷಿಕರು ಕಟ್ಟಿದ ವಿಜಯ ಬ್ಯಾಂಕಿನ ವಿಷಯದಲ್ಲಿ, ವಿರೋಧ ಬಲವಾಗಿತ್ತು.

ಕಾನೂನಿನ ಕಣ್ಣಲ್ಲಿ ಸಂಸ್ಥೆಯೆಂದರೆ ಹಕ್ಕು ಮತ್ತು ಹೊಣೆಗಳ ಒಂದು ಗಂಟು. ಅದನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಸ್ವಭಾವವನ್ನು ಹಾಗೆ ಸಾಗಿಸಲಾಗುವುದಿಲ್ಲ. ಜನ ‘ಬ್ಯಾಂಕು’ ಎಂದು ಕರೆಯುತ್ತಿದ್ದದ್ದು ಕೌಂಟರಿನ ತುಳುವನ್ನು, ಸ್ಥಾಪಕರ ಮನೆತನದ ಪರಿಚಯವನ್ನು, ಅಡಿಕೆ ಧಾರಣೆ ಬಿದ್ದ ವರ್ಷ ಕಂತಿಗೆ ಸಿಕ್ಕ ಗಡುವನ್ನು. ಇವು ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲದ್ದರಿಂದ ಹಸ್ತಾಂತರವೂ ಆಗಲಿಲ್ಲ. ಅಷ್ಟರಮಟ್ಟಿಗೆ ದುಃಖ ನಿಜವಾದ ನಷ್ಟಕ್ಕೇ ಪಟ್ಟದ್ದು. ಬಸ್ಸಿನಲ್ಲಿ ಇವತ್ತಿಗೂ ‘ಸಿಂಡಿಕೇಟ್ ಬ್ಯಾಂಕ್ ಹತ್ತಿರ ನಿಲ್ಲಿಸಿ’ ಎನ್ನುವವರಿದ್ದಾರೆ, ಕಂಡಕ್ಟರಿಗೆ ಅರ್ಥವೂ ಆಗುತ್ತದೆ.

ಕಂಪನಿಗೆ ಗುಣ ಇದೆ ಅಂದಮೇಲೆ ಅದಕ್ಕೆ ನೋವೂ ಆಗುತ್ತಾ? ಜನ ಹಾಗೂ ನಂಬ್ತಾರಾ?

ಇಲ್ಲಿ ಜನ ಒಂದು ಗೆರೆ ಎಳೆಯುತ್ತಾರೆ, ಆ ಗೆರೆ ಅಚ್ಚರಿಪಡುವಷ್ಟು ನೇರವಾಗಿದೆ. 2008ರಲ್ಲಿ ಜೋಶುವಾ ನೋಬ್ ಮತ್ತು ಜೆಸ್ಸಿ ಪ್ರಿನ್ಸ್ ಎಂಬ ತತ್ತ್ವಶಾಸ್ತ್ರಜ್ಞರು ಕಾಲ್ಪನಿಕ ಕಂಪನಿಯೊಂದರ ಬಗ್ಗೆ ಬಗೆಬಗೆಯ ವಾಕ್ಯಗಳನ್ನು ಕೊಟ್ಟು, ಯಾವುದು ಸಹಜ ಎಂದು ಕೇಳಿದರು. ಕಂಪನಿ ಯೋಜಿಸುತ್ತದೆ, ನಂಬುತ್ತದೆ, ಬಯಸುತ್ತದೆ ಎಂಬುದನ್ನೆಲ್ಲ ಜನ ಒಪ್ಪಿದರು. ಕಂಪನಿಯೊಳಗೆ ಅನುಭವವೊಂದು ನಡೆಯುತ್ತಿದೆ ಎನ್ನುವ ವಾಕ್ಯಗಳು ಮಾತ್ರ ಅವರಿಗೆ ವಿಚಿತ್ರವೆನಿಸಿದವು. ಕೋರ್ಟಿನ ತೀರ್ಪಿನ ಬಗ್ಗೆ ಕಂಪನಿಗೆ ಅಸಮಾಧಾನವಿದೆ ಎಂದರೆ ಸರಿ. ಸುಮ್ಮನೆ ಅಸಮಾಧಾನವನ್ನು ಅನುಭವಿಸುತ್ತಿದೆ ಎಂದರೆ ಸರಿಯಲ್ಲ.

ಕನ್ನಡದ ಕಿವಿಗೆ ಈ ಗೆರೆ ಚತುರ್ಥಿ ವಿಭಕ್ತಿಯಲ್ಲೇ ಕೇಳಿಸುತ್ತದೆ. ನಮ್ಮ ಭಾಷೆಯಲ್ಲಿ ಹಸಿವು, ನೋವು, ಬೇಜಾರುಗಳನ್ನು ಯಾರೂ ಮಾಡುವುದಿಲ್ಲ, ಅವು ಒಬ್ಬರಿಗೆ ಆಗುತ್ತವೆ. ‘ಕಂಪನಿ ತೀರ್ಪಿನ ವಿರುದ್ಧ ಅಸಮಾಧಾನ ವ್ಯಕ್ತಪಡಿಸಿದೆ’ ಎಂಬುದು ಬೆಳಗಿನ ಸುದ್ದಿ, ‘ಕಂಪನಿಗೆ ನಷ್ಟವಾಯಿತು’ ಎಂಬುದೂ ಸುದ್ದಿಯೇ. ‘ಕಂಪನಿಗೆ ಬೇಜಾರಾಯಿತು’ ಎಂದರೆ ತಮಾಷೆ, ‘ಕಂಪನಿಗೆ ತಲೆನೋವು ಬಂತು’ ಎಂದರೆ ಏನೋ ತೊಡಕು ಎದುರಾಯಿತೆಂದು ಅರ್ಥವೇ ಹೊರತು ಯಾರೂ ಮಾತ್ರೆ ಹುಡುಕುವುದಿಲ್ಲ.

ಈ ಗೆರೆಗೆ ವ್ಯವಹಾರದಲ್ಲಿ ದೊಡ್ಡ ಪರಿಣಾಮವಿದೆ. 2015ರಲ್ಲಿ ತಗೆ ರೈ ಮತ್ತು ಡೇನಿಯಲ್ ಡಿಯರ್‌ಮಯರ್ ತೋರಿಸಿದಂತೆ, ಸಂಸ್ಥೆ ತಪ್ಪು ಮಾಡಿದರೆ ಜನರಿಗೆ ಅದರ ಮೇಲೆ ಸಿಟ್ಟು ಬರುತ್ತದೆ, ಅದಕ್ಕೇ ಅನ್ಯಾಯವಾದರೆ ಅದರ ಬಗ್ಗೆ ಕನಿಕರ ಹುಟ್ಟುವುದಿಲ್ಲ. ಆಲೋಚಿಸುತ್ತದೆ ಎಂದು ಒಪ್ಪಿದ್ದಕ್ಕೆ ಸಿಟ್ಟು, ನೋಯುವುದಿಲ್ಲ ಎಂದು ಬಲ್ಲದ್ದಕ್ಕೆ ನಿರ್ಲಕ್ಷ್ಯ. ಕನಿಕರ ಬೇಕಾದಾಗ ಸಂಸ್ಥೆಗಳು ತಮ್ಮ ಹೆಸರನ್ನು ಬದಿಗಿಟ್ಟು ‘ನಮ್ಮ ಹತ್ತು ಸಾವಿರ ನೌಕರರ ಕುಟುಂಬಗಳು’ ಎಂದು ಮಾತು ಆರಂಭಿಸುವುದರ ಗುಟ್ಟು ಇಲ್ಲಿದೆ.

ಹಾಗಾದರೆ ಲಾಭ ಬಿಟ್ಟು ಬೇರೇನೂ ಕಾಣದ ಕಂಪನಿಗಳು ಒಂಥರಾ ಮನೋರೋಗಿಗಳು ಅನ್ನೋದು ಸರಿನಾ?

ಹೋಲಿಕೆ ಚುರುಕಾಗಿದೆ, ರೋಗನಿರ್ಣಯ ತಪ್ಪಿದೆ. ಪಶ್ಚಾತ್ತಾಪ ಆಗಬೇಕಾದ ಜೀವಿಗೆ ಅದು ಆಗದಿದ್ದಾಗ ರೋಗವೆನ್ನುತ್ತೇವೆ. ತಕ್ಕಡಿಗೆ ಪಶ್ಚಾತ್ತಾಪವಿಲ್ಲವೆಂದು ಯಾವ ವೈದ್ಯರೂ ಚೀಟಿ ಬರೆಯುವುದಿಲ್ಲ. ಅದಕ್ಕಿಂತಲೂ ದೊಡ್ಡ ತೊಂದರೆಯೆಂದರೆ ‘ಅದರ ಸ್ವಭಾವವೇ ಹಾಗೆ’ ಎಂದ ಕೂಡಲೇ ಆಡಳಿತ ಮಂಡಳಿಯ ಸಭೆಯಲ್ಲಿ ಕೈಯೆತ್ತಿದವರು ಮನೆಗೆ ಹೋಗಿಬಿಡುತ್ತಾರೆ.

ಕಾನೂನೇ ಕಂಪನಿಯನ್ನ ‘ವ್ಯಕ್ತಿ’ ಅನ್ನುತ್ತಲ್ಲ? ಹಾಗಂದ್ರೆ ನಮ್ಮ ಭಾವನೆಗೆ ಕೋರ್ಟಿನ ಮುದ್ರೆ ಬಿದ್ದ ಹಾಗಲ್ವಾ?

ಎರಡೂ ಬೇರೆ. ಭಾರತದ 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ‘ವ್ಯಕ್ತಿ’ ಎಂಬ ಪದದೊಳಗೆ ಕಂಪನಿ ಸೇರುತ್ತದೆ. ಆದರೆ ಇದು ಸ್ವಭಾವದ ಮಾತಲ್ಲ, ಯಾರ ಹೆಸರಿನಲ್ಲಿ ಆಸ್ತಿ, ಯಾರ ಮೇಲೆ ದಾವೆ ಎಂಬ ವ್ಯವಸ್ಥೆಯ ಮಾತು. ನಮ್ಮ ಊರುಗಳಿಗೆ ಇದು ಕಂಪನಿಗಳಿಗಿಂತ ಹಳೆಯ ಸಂಗತಿ. ಪಹಣಿಯ ಖಾತೆದಾರರ ಕಾಲಮಿನಲ್ಲಿ ದೇವರ ಹೆಸರನ್ನು ಕಂಡವರಿಗೆ ಮನುಷ್ಯನಲ್ಲದ ವ್ಯಕ್ತಿ ಹೊಸಬನೇನಲ್ಲ. ಪೂಜೆಗೊಳ್ಳುವ ಮೂರ್ತಿಗೆ ಕಾನೂನಿನ ವ್ಯಕ್ತಿತ್ವವುಂಟು ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1925ರಲ್ಲಿ ಸ್ಪಷ್ಟವಾಗಿ ಹೇಳಿತ್ತು.

ಈ ವ್ಯಕ್ತಿತ್ವಕ್ಕೆ ಮಿತಿಗಳೂ ಇವೆ. 1963ರಲ್ಲಿ ಸುಪ್ರೀಂ ಕೋರ್ಟು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ ಕಂಪನಿ ನಾಗರಿಕನಲ್ಲ ಎಂದಿತು. ಇನ್ನು ದುರುದ್ದೇಶದ ಪ್ರಶ್ನೆ. ಮನಸ್ಸೇ ಇಲ್ಲದ್ದಕ್ಕೆ ದುರುದ್ದೇಶವೆಲ್ಲಿಂದ ಬರಬೇಕು? ಇರಿಡಿಯಂ-ಮೊಟೊರೊಲಾ ಪ್ರಕರಣದಲ್ಲಿ 2010ರಲ್ಲಿ ಕೋರ್ಟು ಕೊಟ್ಟ ಉತ್ತರವೆಂದರೆ, ಕಂಪನಿಯನ್ನು ನಡೆಸುವ, ಅದರ ಚಿತ್ತವೇ ಆಗಿರುವ ಜನರ ಉದ್ದೇಶವನ್ನು ಕಂಪನಿಯದೆಂದು ಎಣಿಸಬಹುದು. ಗಮನಿಸಬೇಕಾದದ್ದು ದಾರಿಯ ದಿಕ್ಕನ್ನು: ಕಾನೂನು ನಿರ್ದಿಷ್ಟ ಮನುಷ್ಯರಿಂದ ಆರಂಭಿಸಿ ಸಂಸ್ಥೆಗೆ ಏರುತ್ತದೆ, ನಾವು ಸಂಸ್ಥೆಯ ಸ್ವಭಾವದಿಂದ ಆರಂಭಿಸಿ ಅಲ್ಲೇ ನಿಂತುಬಿಡುತ್ತೇವೆ. ಅಂದಹಾಗೆ, ಜೈಲುಶಿಕ್ಷೆ ಕಡ್ಡಾಯವಿರುವ ಅಪರಾಧಕ್ಕೂ ಕಂಪನಿಯನ್ನು ವಿಚಾರಣೆಗೆ ಒಳಪಡಿಸಿ ದಂಡವನ್ನಷ್ಟೇ ವಿಧಿಸಬಹುದೆಂದು 2005ರಲ್ಲಿ ಅದೇ ಕೋರ್ಟು ಹೇಳಬೇಕಾಗಿ ಬಂತು. ಈ ವ್ಯಕ್ತಿಯನ್ನು ಸೆರೆಯಲ್ಲಿಡಲು ದೇಹವಿಲ್ಲ.

ನಮ್ಮ ಕಂಪನಿಯಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಅಂತಾರೆ. ನಂಬಬಹುದಾ?

ಸಹೋದ್ಯೋಗಿಗಳ ಬಗ್ಗೆ ಹೇಳಿದ್ದಾದರೆ ನಂಬಬಹುದು, ಹಲವರ ಬಾಳಿನಲ್ಲಿ ಅದು ನಿಜವೂ ಹೌದು. ಸಂಸ್ಥೆಯ ಬಗ್ಗೆ ಹೇಳಿದ್ದಾದರೆ ನೇಮಕಾತಿ ಪತ್ರದ ನೋಟಿಸ್ ಅವಧಿಯ ಕಲಮನ್ನು ಒಮ್ಮೆ ಓದಿಕೊಳ್ಳಬೇಕು. ಯಾವ ಅಣ್ಣನೂ ತಮ್ಮನಿಗೆ ತೊಂಬತ್ತು ದಿನದ ಮುನ್ಸೂಚನೆ ಕೊಟ್ಟು ಸಂಬಂಧ ಮುಗಿಸುವುದಿಲ್ಲ.

ಎಲ್ಲ ಸರಿ, ದೂರು ಬರೆಯೋವಾಗ ಏನು ಮಾಡಬೇಕು? ‘ನಿಮ್ಮ ಕಚೇರಿಗೆ ಮಾನವೀಯತೆ ಇಲ್ಲ’ ಅಂತ ಬರೀಬಾರದಾ?

ಬರೆಯಬಹುದು, ಆದರೆ ಅದಕ್ಕೆ ಉತ್ತರ ಕೊಡುವ ಹೊಣೆ ಯಾರದೂ ಆಗುವುದಿಲ್ಲ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಅರ್ಜಿಯನ್ನು, ಇಂಥ ದಾಖಲೆ ಇದ್ದರೂ, ಇಂಥ ಕಾರಣ ಕೊಟ್ಟು ತಿರಸ್ಕರಿಸಲಾಯಿತು’ ಎಂದು ಬರೆಯುವಾಗಲೂ ಒಂದು ಎಚ್ಚರ ಬೇಕು. ‘ತಿರಸ್ಕರಿಸಲಾಯಿತು’ ಎಂಬ ಕರ್ಮಣಿ ಪ್ರಯೋಗ ಕಚೇರಿಗಳ ಅಚ್ಚುಮೆಚ್ಚಿನ ಅಡಗುತಾಣ. ಸಾಧ್ಯವಾದಲ್ಲೆಲ್ಲ ‘ಇಂಥ ಹುದ್ದೆಯವರು ತಿರಸ್ಕರಿಸಿದರು’ ಎಂದು ಕರ್ತರಿಯಲ್ಲಿ ಬರೆಯುವುದು ಒಳ್ಳೆಯದು.

ಕರ್ನಾಟಕದಲ್ಲಿ ಇದಕ್ಕೆ ಶಾಸನದ ನೆರವೂ ಇದೆ. 2011ರ ಸಕಾಲ ಕಾಯಿದೆಯ ಪ್ರಕಾರ, ಅದರ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಗಡುವು ಇದೆ, ಗೊತ್ತುಪಡಿಸಿದ ಅಧಿಕಾರಿ ಇದ್ದಾರೆ, ಅರ್ಜಿದಾರರ ಕೈಗೊಂದು ಸಂಖ್ಯೆ ಬರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ವೆಚ್ಚ ಸಿಗಬೇಕು. ಮೊತ್ತ ಸಣ್ಣದು, ಅನೇಕರು ಕೇಳುವುದೂ ಇಲ್ಲ. ಆದರೆ ಆ 20 ರೂಪಾಯಿಯನ್ನು ಕಾಯಿದೆ ವಸೂಲು ಮಾಡಲು ಹೇಳಿರುವುದು ಇಲಾಖೆಯಿಂದಲ್ಲ, ತಡ ಮಾಡಿದ ಅಧಿಕಾರಿಯಿಂದ.